ದಾದಿಯರ ವಹಿ

ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ಈಗ ನ್ಯಾಮತಿಯಲ್ಲಿ ವಿಶ್ರಾಂತಜೀವನ ನಡೆಸುತ್ತಿರುವ ನರ್ಸಮ್ಮನವರೊಬ್ಬರು, ಮಾತು ತಮ್ಮ ವೃತ್ತಿಯ ಕಡೆಗೆ ಹೊರಳುತ್ತಲೇ ಒಳಗೆ ಹೋಗಿ, ಟ್ರಂಕಿನಿಂದ ತಂದು ನನ್ನ ಮುಂದೆ ಬಿಡಿಸಿದ್ದು ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರವನ್ನು. ಮಡಿಕೆ ಹರಿಯದಂತೆ ಹಿಂಬದಿಗೆ ಬಟ್ಟೆ ಅಂಟಿಸಿದ ಆ ಕಾಗದದ ಮೂಲೆಯಲ್ಲಿ ಎರಡು ಜಡೆಯ ಹುಡುಗಿಯ ಭಾವಚಿತ್ರ. ಕೆನ್ನೆಯ ಮೇಲೆ ಅರ್ಧ ಬಿದ್ದ ನೇರಳೆ ಮೊಹರು. “ಮದ್ವಿ ಫೋಟೊ ಎಲ್ಲೈತೋ ಗೊತ್ತಿಲ್ಲ ಸರ್, ಇದು ಮಾತ್ರ ಕಳ್ಕೊಂಡಿಲ್ಲ” ಎಂದರು.

ಇಂತಹ ಪತ್ರಕ್ಕಾಗಿ ಇಂಗ್ಲೆಂಡಿನಲ್ಲಿ ಮೂರು ದಶಕಗಳ ವಾಗ್ಯುದ್ಧವೇ ನಡೆಯಿತು. ಶೀಲವನ್ನು ಪರೀಕ್ಷೆಯಿಂದ ಅಳೆಯಲಾಗದೆಂದು ಫ್ಲಾರೆನ್ಸ್ ನೈಟಿಂಗೇಲ್ ನೋಂದಣಿಯನ್ನು ವಿರೋಧಿಸಿದರೆ, 1887ರಲ್ಲಿ ದಾದಿಯರ ಸಂಘ ಕಟ್ಟಿದ ಎಥೆಲ್ ಫೆನ್ವಿಕ್, 1919ರಲ್ಲಿ ಶಾಸನವಾಗುವವರೆಗೂ ಪಟ್ಟು ಬಿಡಲಿಲ್ಲ; ವಹಿ ತೆರೆದಾಗ ಒಂದನೆಯ ಸಂಖ್ಯೆ ಅವರದೇ ಆಯಿತು. ಆ ಹಮ್ಮು ನನಗೆ ಪ್ರಿಯ.

ನಮ್ಮ ಕಡೆಗೆ ಬಂದರೆ, ನನ್ನನ್ನು ಕಾಡುವುದಾದರೋ ಆ ನರ್ಸಮ್ಮನವರು ದುಡಿದ ಜಗಳೂರಿನ ಗಡಿ. 1926ರಲ್ಲಿ ಮದ್ರಾಸು ಪ್ರಾಂತ್ಯವು ದಾದಿಯರಿಗೂ ಸೂಲಗಿತ್ತಿಯರಿಗೂ ಕಾಯ್ದೆ ಮಾಡಿದಾಗ, ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ಅದರ ವ್ಯಾಪ್ತಿಗೊಳಪಟ್ಟಿತು. ಮಗ್ಗುಲಲ್ಲಿಯೇ ಇದ್ದ ಜಗಳೂರು ಮೈಸೂರು ಸಂಸ್ಥಾನದ್ದಾದುದರಿಂದ ಹೊರಗುಳಿಯಿತು. ಅದೇ ಜೋಳದ ಹೊಲ, ಅದೇ ನೆಂಟಸ್ತಿಕೆ, ಅದೇ ಹೆರಿಗೆಬೇನೆ. ಮದ್ರಾಸಿನ ವಹಿಯ ಅಧಿಕಾರ ಮಾತ್ರ ಹೊಲದ ಬದುವಿಗೆ ಬಂದು ನಿಲ್ಲುತ್ತಿತ್ತು. ಆಚೆ ಮಗಳ ಬಾಣಂತನಕ್ಕೆ ಹೋದ ಜಗಳೂರಿನ ತಾಯಿಗೆ, ಎದುರಿಗಿದ್ದ ಸೂಲಗಿತ್ತಿಯನ್ನು ಬೇರೊಂದು ಕಾನೂನು ಆಳುತ್ತಿದೆಯೆಂಬ ಅರಿವು ಇದ್ದಿರಲಾರದು. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಅಧಿನಿಯಮವೂ, ಏಕೀಕರಣಾನಂತರ 1961ರ ರಾಜ್ಯ ಅಧಿನಿಯಮವೂ ಬಂದ ಮೇಲೆ ಬದುವಿನ ಎರಡು ಕಡೆಗೂ ಒಂದೇ ವಿಧಿಯಾಯಿತು. 1997ರಲ್ಲಿ ಒಂದೇ ದಾವಣಗೆರೆ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು 2018ರಲ್ಲಿ ಮತ್ತೆ ಬೇರ್ಪಟ್ಟದ್ದು ಬೇರೆಯ ಕಥೆ.

ನೋಂದಣಿಯಿಂದ ಕೈಗುಣ ಬರುವುದಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ನೈಟಿಂಗೇಲರ ಪಕ್ಷಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿಯುಂಟೆ? ಆದರೂ ನಾನು ಫೆನ್ವಿಕ್ ಪಕ್ಷದವನು. ಬರೆದ ಹೆಸರನ್ನು, ಅಪರಾಧ ಸಿದ್ಧವಾದಾಗ, ಹೊಡೆದುಹಾಕಬಹುದು. ಬರೆಯದ ಹೆಸರನ್ನು ಏನು ಮಾಡುವುದು? ಬಿಳಿ ಕೋಟು ತೊಟ್ಟು ಸೂಜಿ ಚುಚ್ಚುವವರಲ್ಲಿ ಓದಿ ಬಂದವರಾರು, ನೋಡಿ ಕಲಿತವರಾರು ಎಂದು ರೋಗಿ ಹೇಗೆ ತಿಳಿದಾನು? 2023ರ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಆಯೋಗದ ಅಧಿನಿಯಮವು ರಾಷ್ಟ್ರಮಟ್ಟದ ವಹಿಯೊಂದಕ್ಕೆ ಅವಕಾಶ ಕಲ್ಪಿಸಿದೆ. ಸಂತೋಷವೇ, ಆದರೆ ಪ್ರತಿಯೊಂದು ಖಾಸಗಿ ಆಸ್ಪತ್ರೆಯ ಹೊರಗೋಡೆಯ ಮೇಲೆಯೂ ಅಲ್ಲಿನ ದಾದಿಯರ ಹೆಸರು, ನೋಂದಣಿ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆಸಬೇಕೆಂದು ಯಾರಾದರೂ ಕಟ್ಟಳೆ ಮಾಡಿದರೆ ಸಂತೋಷ ಇಮ್ಮಡಿಯಾದೀತು.