ನಿಮಗಿದು ಗೊತ್ತೆ? ಹಳದಿ ಹೂವಿನ ಕಿತಾಪತಿ
ಹೆಪಟೈಟಿಸ್-ಸಿ ಕಾಯಿಲೆಗೆ ಒಂದು ಕಾಲದಲ್ಲಿ ಇಂಟರ್‌ಫೆರಾನ್ ಚುಚ್ಚುಮದ್ದೇ ಗತಿ. 24ರಿಂದ 48 ವಾರ ಚುಚ್ಚಿಸಿಕೊಳ್ಳಬೇಕಿತ್ತು. ಲಿವರ್ ಸುಧಾರಿಸುವ ಹೊತ್ತಿಗೆ ಆ ಮದ್ದಿನಿಂದಾಗಿ ಕೆಲವರ ಮನಸ್ಸೇ ಕುಸಿದಿರುತ್ತಿತ್ತು. ಅಂಥವರಿಗೆ ಜೊತೆಯಲ್ಲೇ ಖಿನ್ನತೆಯ ಮಾತ್ರೆಯನ್ನೂ ಬರೆದುಕೊಡುತ್ತಿದ್ದರು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೋಫೋಸ್ಬುವಿರ್ ಮಾತ್ರೆ ಬಂದ ಮೇಲೆ ಆ ಕಾಟ ಬಹುಮಟ್ಟಿಗೆ ತಪ್ಪಿತು. ಎಸಿಟಾಲೋಪ್ರಾಂನಂಥ ಖಿನ್ನತೆಯ ಮಾತ್ರೆಗಳೊಂದಿಗೆ ಇದಕ್ಕೆ ತಕರಾರಿಲ್ಲ. ತಕರಾರಿರುವುದು ‘ಗಿಡಮೂಲಿಕೆ ತಾನೆ, ಏನಾದೀತು’ ಎಂದು ಜನ ನುಂಗುವ ಸೇಂಟ್ ಜಾನ್ಸ್ ವರ್ಟ್ ಜೊತೆ! ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಈ ಹಳದಿ ಹೂವಿನ ಗಿಡದ ಸಾರ, ಕರುಳಿನ ಗೋಡೆಯಲ್ಲಿ ಮದ್ದನ್ನು ಹೊರದಬ್ಬುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಸೋಫೋಸ್ಬುವಿರ್ ಸಾಕಷ್ಟು ರಕ್ತಕ್ಕೆ ಸೇರುವುದೇ ಇಲ್ಲ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ.