ಮುರಿದದ್ದು ಇವತ್ತು, ಕೆಟ್ಟದ್ದು ಎಂದೋ

ಪಂಕ್ಚರ್ ಆದ ಚಕ್ರ ಬಿಚ್ಚಲು ಕೂತಾಗ ‘ಟಕ್’ ಎಂದು ನಟ್ಟು ಕೂರುವ ಸ್ಟಡ್ ಮುರಿದು ನಟ್ಟಿನ ಸಮೇತ ಕೈಗೆ ಬಂದರೆ ಬೈಗುಳ ಬೀಳುವುದು ಇಬ್ಬರಿಗೆ: ಸ್ಪ್ಯಾನರ್ ಹಿಡಿದವನಿಗೆ ಮತ್ತು ಕಾರು ಮಾಡಿದ ಕಂಪನಿಗೆ. ‘ನಿಧಾನಕ್ಕೆ ತಿರುಗಿಸಬಾರದಿತ್ತಾ’ ಎಂಬುದು ಮೊದಲನೆಯ ಮಾತು, ‘ಈಗಿನ ಮಾಲೇ ಸರಿಯಿಲ್ಲ’ ಎಂಬುದು ಎರಡನೆಯದು. ಬಹಳಷ್ಟು ಸಲ ಇಬ್ಬರೂ ನಿರಪರಾಧಿಗಳು. ಸ್ಟಡ್ ಮುರಿಯುವುದು ಬಿಚ್ಚುವ ದಿನ; ಆದರೆ ಅದು ಕೆಟ್ಟಿರುವುದು ಹಿಂದೆ ಯಾವಾಗಲೋ ಚಕ್ರ ಹಾಕಿದ ದಿನ. ಆ ದಿನ ಯಾರೋ ಒಳ್ಳೆಯ ಉದ್ದೇಶದಿಂದಲೇ, ‘ಇನ್ನೊಂದು ಪಟ್ಟು ಬಿಗಿಯಾಗಿರಲಿ’ ಎಂದು ತಮ್ಮ ತೂಕವನ್ನೆಲ್ಲ ಸ್ಪ್ಯಾನರ್ ಮೇಲೆ ಹಾಕಿರುತ್ತಾರೆ. ಬಿಗಿದಷ್ಟೂ ಭದ್ರ ಎಂಬ ಈ ನಂಬಿಕೆಯೇ ಎಲ್ಲಕ್ಕೂ ಮೂಲ.

ಸ್ಟಡ್ಡನ್ನು ನಾವು ಗೂಟ ಎಂದು ತಿಳಿದಿದ್ದೇವೆ. ಅದು ಗೂಟವಲ್ಲ, ಬಹಳ ಗಟ್ಟಿಯಾದ ಸ್ಪ್ರಿಂಗು. ನಟ್ಟು ತಿರುಗಿಸಿದಂತೆ ಸ್ಟಡ್ ಉದ್ದಕ್ಕೆ ಎಳೆಯಲ್ಪಡುತ್ತದೆ, ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಚಕ್ರವನ್ನು ಅದು ಕೂರುವ ಹಬ್ಬಿಗೆ ಒತ್ತಿ ಹಿಡಿಯುವ ಶಕ್ತಿ. ಒಂದು ಒರಟು ಲೆಕ್ಕ ಹಾಕೋಣ. ನಮ್ಮ ಸಣ್ಣ ಕಾರುಗಳ ಸ್ಟಡ್ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ. ಕಾರಿನ ಕೈಪಿಡಿ ಹೇಳುವ ಬಿಗಿತ ಸುಮಾರು 100 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಒಣಗಿದ ಶುಚಿಯಾದ ತ್ರೆಡ್ಡಿನಲ್ಲಿ ಒಂದೊಂದು ಸ್ಟಡ್ಡೂ ನಾಲ್ಕು ಟನ್ನಿಗೂ ಮಿಕ್ಕಿದ ಬಲದಿಂದ ಜಗ್ಗುತ್ತದೆ. ಇಷ್ಟಾದರೂ ಅದು ಹಿಗ್ಗುವುದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. 10.9 ದರ್ಜೆಯ ಉಕ್ಕಿನ ಸ್ಟಡ್ಡಾದರೆ ಏಳು ಟನ್ನಿನ ಆಚೀಚಿನವರೆಗೂ ಸ್ಪ್ರಿಂಗಿನಂತೆ ಹಿಗ್ಗಿ ಮರಳುತ್ತದೆ. ಅದನ್ನು ದಾಟಿದರೆ ಮರಳುವುದಿಲ್ಲ, ಎಳೆದ ಅಂಟುಮಿಠಾಯಿಯಂತೆ ಉದ್ದವಾಗಿಯೇ ಉಳಿಯುತ್ತದೆ. ಈಗ ಎಪ್ಪತ್ತು ಕೆಜಿಯ ಒಬ್ಬರು ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ಹತ್ತಿ ನಿಂತರೆಂದುಕೊಳ್ಳಿ. ಬರೀ ನಿಂತರೇ 200 ನ್ಯೂಟನ್ ಮೀಟರ್ ದಾಟುತ್ತದೆ, ಸ್ಟಡ್ ಎಂಟು ಟನ್ನಿಗೆ ಹೋಗಿಬಿಡುತ್ತದೆ. ಜಿಗಿದರೆ, ಪೈಪು ಸಿಕ್ಕಿಸಿದರೆ ಲೆಕ್ಕವೇ ಬೇಡ. ಆ ಹೊತ್ತಿಗೆ ಏನೂ ಮುರಿಯುವುದಿಲ್ಲ, ‘ಸಖತ್ ಟೈಟ್ ಆಯ್ತು’ ಎನ್ನಿಸುತ್ತದೆ. ಒಳಗೆ ಮಾತ್ರ ಸ್ಟಡ್ಡಿನ ಕುತ್ತಿಗೆ ಸಣ್ಣಗಾಗಿ, ತ್ರೆಡ್ಡುಗಳ ನಡುವಿನ ಅಂತರ ಹಿಗ್ಗಿರುತ್ತದೆ. ಮುಂದಿನ ಸಲ ನಟ್ಟು ಅಲ್ಲೇ ಕಚ್ಚಿಕೊಳ್ಳುತ್ತದೆ, ತಿರುಗಿಸಿದರೆ ಸ್ಟಡ್ಡೂ ಜತೆಗೆ ತಿರುಚಿಕೊಳ್ಳುತ್ತದೆ.

ಹಾಗಾದರೆ ಸ್ವಲ್ಪ ಸಡಿಲವೇ ವಾಸಿ ಎಂದುಕೊಳ್ಳಬೇಡಿ. ಸಡಿಲವಾದ ನಟ್ಟಿನಿಂದಲೂ ಸ್ಟಡ್ ಮುರಿಯುತ್ತದೆ. ಇದು ಮೊದಲ ಓದಿಗೆ ತಲೆಕೆಳಗು ಅನ್ನಿಸುವುದಕ್ಕೆ ಕಾರಣ ಇನ್ನೊಂದು ತಪ್ಪು ನಂಬಿಕೆ: ಗೋಡೆಯ ಮೊಳೆಗೆ ಚೀಲ ತೂಗುಬಿದ್ದಂತೆ ಕಾರಿನ ಭಾರವೆಲ್ಲ ಸ್ಟಡ್ಡುಗಳಿಗೆ ತೂಗುಬಿದ್ದಿದೆ ಎಂಬುದು. ವಾಸ್ತವದಲ್ಲಿ ಭಾರ ಹೊರುವುದು ಒತ್ತಿ ಹಿಡಿದ ಎರಡು ಮುಖಗಳ ನಡುವಿನ ಘರ್ಷಣೆ. ನಾಲ್ಕು ಸ್ಟಡ್ ಸೇರಿ ಹದಿನಾರು ಟನ್ ಒತ್ತಿದರೆ, ಘರ್ಷಣೆಯ ಪಾಲನ್ನು ಜಿಪುಣತನದಿಂದ ಲೆಕ್ಕ ಹಾಕಿದರೂ ಎರಡೂವರೆ ಟನ್ನಿನಷ್ಟು ತಡೆ ಸಿಗುತ್ತದೆ. ಒಂದು ಟನ್ನಿನ ಕಾರಿನ ಒಂದು ಚಕ್ರಕ್ಕೆ ಬೀಳುವ ಭಾರ ಕಾಲು ಟನ್. ಹೀಗಾಗಿ ಬಿಗಿತ ಸರಿಯಿದ್ದರೆ ಚಕ್ರ ಹಬ್ಬಿನ ಮೇಲೆ ಕದಲುವುದೇ ಇಲ್ಲ, ಸ್ಟಡ್ಡಿಗೆ ಜಗ್ಗಿ ಕೂರುವುದಷ್ಟೇ ಕೆಲಸ. ಬಿಗಿತ ಕಳೆದುಹೋದರೆ ಚಕ್ರ ಅತ್ತಿತ್ತ ಜಾರತೊಡಗುತ್ತದೆ. ಒಂದೊಂದು ಸುತ್ತಿಗೂ ಸ್ಟಡ್ ಕೂದಲೆಳೆಯಷ್ಟು ಬಾಗಿ ಏಳುತ್ತದೆ. ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ಸುತ್ತುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಎರಡು ಲಕ್ಷ ಸಲ ಬಾಗಿದಂತಾಯಿತು. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಮಾಡಿ ಮುರಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೋಹದ ಈ ದಣಿವು ಹೊಸ ಸಂಗತಿಯಲ್ಲ. 1842ರಲ್ಲಿ ಫ್ರಾನ್ಸಿನ ವರ್ಸೈನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಭೀಕರ ದುರಂತವಾದ ಮೇಲೆ ಎಂಜಿನಿಯರುಗಳು ಇದರ ಬೆನ್ನು ಹತ್ತಿದರು. ಜರ್ಮನಿಯ ಆಗಸ್ಟ್ ವೋಲರ್ ಮುಂದಿನ ದಶಕಗಳಲ್ಲಿ ಪ್ರಯೋಗ ಮಾಡಿ, ಒಂದೇ ಸಲಕ್ಕೆ ಮುರಿಯಲಾರದ ಬಲವೂ ಲಕ್ಷಾಂತರ ಸಲ ಬಿದ್ದರೆ ಉಕ್ಕನ್ನು ಮುರಿಯಬಲ್ಲದು ಎಂದು ತೋರಿಸಿಕೊಟ್ಟ. ಮುರಿದ ಸ್ಟಡ್ ಕೈಗೆ ಸಿಕ್ಕರೆ ಎಸೆಯುವ ಮೊದಲು ಅದರ ಮುಖ ನೋಡಿ. ಮುರಿದ ಜಾಗದ ಹತ್ತಿರ ಸೊಂಟ ಸಣ್ಣಗಾಗಿ ಜಗ್ಗಿದಂತಿದ್ದರೆ ಅತಿಯಾದ ಬಿಗಿತ. ಸೊಂಟ ಸಣ್ಣಗಾಗದೆ ಮುಖ ಚಪ್ಪಟೆಯಾಗಿದ್ದು, ಅಂಚಿನ ಒಂದು ಕಡೆಯಿಂದ ಮರಳ ದಂಡೆಯ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂಥ ನವಿರಾದ ಕಮಾನುಗಳು ಕಂಡು, ಕೊನೆಯ ಚೂರು ಮಾತ್ರ ಕಲ್ಲುಸಕ್ಕರೆ ಒಡೆದಂತೆ ಒರಟಾಗಿದ್ದರೆ ಅದು ದಣಿವು. ನವಿರಾದ ಭಾಗ ತುಕ್ಕು ಹಿಡಿದು ಕಪ್ಪಾಗಿದ್ದರಂತೂ ಬಿರುಕು ಹಳೆಯದು. ‘ಇಷ್ಟು ವರ್ಷ ಹೀಗೇ ಬಿಗಿದಿದ್ದೇವೆ, ಏನೂ ಆಗಿಲ್ಲ’ ಎನ್ನುವವರಿಗೆ ಈ ತುಂಡೇ ಉತ್ತರ. ಏನೂ ಆಗಿಲ್ಲವೆಂದಲ್ಲ, ಆಗುತ್ತಿದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಸರಿಯಾಗಿ ಬಿಗಿದ ನಟ್ಟು ತಾನಾಗಿ ಹೇಗೆ ಸಡಿಲವಾಗುತ್ತದೆ ಎಂದು ಕೇಳಬಹುದು. ಸ್ಟಡ್ ಹಿಗ್ಗಿದ್ದು ಕೂದಲಿಗಿಂತ ಕಡಿಮೆ ಎಂದೆನಲ್ಲ, ಗುಟ್ಟು ಇರುವುದು ಅಲ್ಲೇ. ಹಬ್ಬಿಗೂ ಚಕ್ರಕ್ಕೂ ನಡುವೆ ಒಂದು ಪದರ ತುಕ್ಕೋ, ಒಣಗಿದ ಕೆಮ್ಮಣ್ಣೋ, ಅಲಾಯ್ ಚಕ್ರಕ್ಕೆ ಹೊಸದಾಗಿ ಬಳಿಸಿದ ಬಣ್ಣವೋ ಸಿಕ್ಕಿಕೊಂಡಿದ್ದರೆ, ಓಡಾಟದ ಅದುರಿಗೆ ಅದು ಪುಡಿಯಾಗಿ ಉದುರುತ್ತದೆ. ಉದುರಿದ ಪದರ ಆ ಹಿಗ್ಗಿನಷ್ಟೇ ದಪ್ಪವಿದ್ದರೆ ಸಾಕು, ನಟ್ಟು ಒಂದಿಷ್ಟೂ ತಿರುಗದೆಯೇ ಬಿಗಿತ ಪೂರ್ತಿ ಮಾಯ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ಓಡುವ ಕಾರುಗಳ ಹಬ್ಬು ನೋಡಿದರೆ ಈ ಪದರ ಎಷ್ಟು ದಪ್ಪ ಕಟ್ಟುತ್ತದೆಂದು ತಿಳಿಯುತ್ತದೆ. ಒಂದು ತಂತಿ ಬ್ರಷ್ಷು, ಎರಡು ನಿಮಿಷ, ಎರಡೂ ಮುಖ ಉಜ್ಜುವುದು. ಸ್ಟಡ್ ಉಳಿಸುವ ಕೆಲಸಗಳಲ್ಲೆಲ್ಲ ಇದಕ್ಕಿಂತ ಅಗ್ಗದ್ದಿಲ್ಲ, ಇದರಷ್ಟು ಕಡೆಗಣಿಸಿದ್ದೂ ಇಲ್ಲ. ಚಕ್ರ ಹಾಕಿದ ಮೇಲೆ ಐವತ್ತು, ನೂರು ಕಿಲೋಮೀಟರಿಗೆ ಇನ್ನೊಮ್ಮೆ ಬಿಗಿತ ನೋಡಿ ಎನ್ನುವುದೂ ಇದಕ್ಕಾಗಿಯೇ.

ತುಕ್ಕಿನ ಮಾತು ಬಂದ ಕೂಡಲೇ ಎಣ್ಣೆ ಡಬ್ಬಿ ಹೊರಬರುತ್ತದೆ. ‘ತ್ರೆಡ್ಡಿಗೆ ಒಂಚೂರು ಗ್ರೀಸ್ ಹಚ್ಚಿದರೆ ಮುಂದಿನ ಸಲ ಸಲೀಸಾಗಿ ಬರುತ್ತದೆ’ ಎನ್ನುವ ವಾದದಲ್ಲಿ ಅರ್ಧ ಸತ್ಯವಿದೆ, ಅಪಾಯ ಇರುವುದು ಉಳಿದರ್ಧದಲ್ಲಿ. ಸ್ಪ್ಯಾನರಿಗೆ ನಾವು ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ನಟ್ಟಿನ ತಳದ ಮತ್ತು ತ್ರೆಡ್ಡಿನ ಘರ್ಷಣೆಯಲ್ಲೇ ಕಳೆದುಹೋಗುತ್ತದೆ. ಸ್ಟಡ್ಡನ್ನು ಜಗ್ಗುವುದಕ್ಕೆ ಉಳಿಯುವುದು ಹತ್ತರಷ್ಟು. ಗ್ರೀಸ್ ಆ ಘರ್ಷಣೆಯನ್ನು ಇಳಿಸಿದರೆ ಅದೇ 100 ನ್ಯೂಟನ್ ಮೀಟರಿಗೆ ನಾಲ್ಕು ಟನ್ನಿನ ಜಾಗದಲ್ಲಿ ಏಳು ಟನ್ ಬರಬಹುದು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಸ್ಟಡ್ ಮಾತ್ರ ಹಿಗ್ಗಿ ಮರಳದ ಅಂಚಿನಲ್ಲಿರುತ್ತದೆ. ದೊಡ್ಡ ಟ್ರಕ್ಕುಗಳ ಕೆಲವು ಬಗೆಯ ಚಕ್ರಗಳಿಗೆ ಎಣ್ಣೆ ಹಾಕಿ ಎಂದು ತಯಾರಕರೇ ಹೇಳುವುದುಂಟು, ನಿಜ. ಅಲ್ಲಿನ ಅಂಕಿ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು. ಕಾರಿನ ಕೈಪಿಡಿ ಎಣ್ಣೆಯ ಮಾತೆತ್ತದಿದ್ದರೆ ಅಂಕಿ ಒಣ ತ್ರೆಡ್ಡಿನದು ಎಂದೇ ತಿಳಿಯಬೇಕು. ಗ್ರೀಸ್ ಹಚ್ಚಲೇಬೇಕೆಂಬ ಆಸೆಯಿದ್ದರೆ ಚಕ್ರದ ನಡುವಿನ ದೊಡ್ಡ ತೂತು ಹಬ್ಬಿಗೆ ಕೂರುವ ಅಂಚಿಗೆ ತೆಳ್ಳಗೆ ಸವರಿ, ಅಲ್ಲಿಗೆ ಬಿಡಿ.

ಇನ್ನು ಗನ್ನು. ಟೈರ್ ಅಂಗಡಿಯ ಏರ್ ಗನ್ ಬಿಚ್ಚುವುದಕ್ಕೆ ಬಹಳ ಒಳ್ಳೆಯ ಸಾಧನ, ಅದರ ಮೇಲೆ ಹಗೆಯೇನಿಲ್ಲ. ಹಾಕುವಾಗ ಅದಕ್ಕೆ ಎರಡು ಕುರುಡುತನ. ಎಷ್ಟು ಬಿಗಿಯಿತು ಎಂಬುದು ಅದಕ್ಕೆ ತಿಳಿಯದು. ನಟ್ಟು ತ್ರೆಡ್ಡಿನಲ್ಲಿ ನೇರ ಕೂತಿದೆಯೇ ಎಂಬುದೂ ತಿಳಿಯದು. ಬೆರಳಿನಲ್ಲಿ ನಟ್ಟು ಹಿಡಿದು ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿದರೆ ತ್ರೆಡ್ಡಿನ ತುದಿ ತುದಿಗೆ ಸೇರಿ ಒಂದು ಸಣ್ಣ ‘ಕ್ಲಿಕ್’ ಸಿಗುತ್ತದೆ. ಅಲ್ಲಿಂದ ಬಲಕ್ಕೆ ನಾಲ್ಕೈದು ಸುತ್ತು ಸಲೀಸಾಗಿ ಓಡಬೇಕು. ಓಡದಿದ್ದರೆ ಏನೋ ಸರಿಯಿಲ್ಲ. ಆ ‘ಸರಿಯಿಲ್ಲ’ವನ್ನು ಬೆರಳು ಹೇಳುತ್ತದೆ, ಗನ್ನು ಅರೆದುಹಾಕುತ್ತದೆ. ‘12ರ ನಟ್ಟೆಲ್ಲ ಒಂದೇ’ ಎಂಬ ನಂಬಿಕೆಯ ಬಣ್ಣ ಬಯಲಾಗುವುದೂ ಇಲ್ಲೇ. ಮಾರುತಿ ಸುಜುಕಿ ಕಾರುಗಳ ಸ್ಟಡ್ಡಿನಲ್ಲಿ ತ್ರೆಡ್ಡಿನ ಅಂತರ ಸಾಮಾನ್ಯವಾಗಿ 1.25 ಮಿಲಿಮೀಟರ್, ಹುಂಡೈ, ಹೋಂಡಾ, ಟೊಯೊಟಾ ಕಾರುಗಳಲ್ಲಿ 1.5. ಇದರದನ್ನು ಅದಕ್ಕೆ ಹಾಕಿದರೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ, ಗನ್ ಇಟ್ಟರೆ ತ್ರೆಡ್ಡು ಹರಿದುಕೊಂಡು ಒಳಗೆ ನುಗ್ಗುತ್ತದೆ. ತ್ರೆಡ್ಡು ಕೂಡಿದರೂ ನಟ್ಟಿನ ತಳ ಕೂಡಬೇಕು: ಹೋಂಡಾದಲ್ಲಿ ಅದು ಗೋಲಿಯಂತೆ ದುಂಡಗೆ, ಬಹುತೇಕ ಬೇರೆ ಕಾರುಗಳಲ್ಲಿ ಬುಗುರಿಯಂತೆ ಚೂಪಾಗಿ ಇರುತ್ತದೆ. ದುಂಡು ಗುಳಿಯಲ್ಲಿ ಚೂಪು ತಳ ಕೂತರೆ ಮುಟ್ಟುವುದು ಒಂದು ಗೆರೆಯಷ್ಟೇ, ಬಿಗಿತ ನಿಲ್ಲುವುದಿಲ್ಲ.

‘ಟಾರ್ಕ್ ರೆಂಚ್ ಹಿಡಿದುಕೊಂಡು ಯಾರು ಓಡಾಡುತ್ತಾರೆ? ಶಿರಾಡಿ ಘಾಟಿಯಲ್ಲಿ ರಾತ್ರಿ ಪಂಕ್ಚರ್ ಆದರೆ?’ ನ್ಯಾಯವಾದ ಪ್ರಶ್ನೆ. ಕಾರಿನ ಜತೆ ಬರುವ ಸ್ಪ್ಯಾನರ್ ಅಷ್ಟು ಗಿಡ್ಡ ಇರುವುದು ಕಂಪನಿಯ ಜಿಪುಣತನ ಎಂದು ಬೈಯುವವರಿದ್ದಾರೆ. ಆ ಗಿಡ್ಡತನವೇ ಒಂದು ಕಾವಲು. ಒಂದಡಿಯ ಹಿಡಿಯ ತುದಿಯಲ್ಲಿ ಮೂವತ್ತನಾಲ್ಕು ಕೆಜಿಯಷ್ಟು ಒತ್ತಿದರೆ 100 ನ್ಯೂಟನ್ ಮೀಟರ್ ಆಗುತ್ತದೆ. ಅದು ಕೈಯ ಕೆಲಸ, ಕಾಲಿನದಲ್ಲ. ಚಕ್ರ ಮೇಲಿದ್ದಾಗ ಎದುರುಬದುರು ನಟ್ಟುಗಳನ್ನು ಕೈಯಲ್ಲೇ ತಳ ಮುಟ್ಟಿಸಿ, ಜಾಕಿ ಇಳಿಸಿ, ಟೈರು ನೆಲಕ್ಕೆ ತಾಗಿದ ಮೇಲೆ ಅದೇ ಎದುರುಬದುರು ಕ್ರಮದಲ್ಲಿ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಊರು ಸೇರಿದ ಮೇಲೆ ರೆಂಚಿನಿಂದ ನೋಡಿಸಿದರಾಯಿತು.

ಬಿಚ್ಚುವಾಗ ಹತ್ತಿ ನಿಲ್ಲುವುದು ಮಾತ್ರ ಕೆಲವೊಮ್ಮೆ ತಪ್ಪದು. ಮೊದಲ ಅಲುಗಾಟಕ್ಕೆ, ಚಕ್ರ ನೆಲದ ಮೇಲಿದ್ದಾಗ, ಅದು ಸರಿಯೇ. ಸಡಿಲಗೊಂಡ ನಟ್ಟು ಮತ್ತೆ ಕಿರುಗುಟ್ಟುತ್ತಾ ಬಿಗಿಯಾಗತೊಡಗಿದರೆ ಹಟ ಬೇಡ. ಅರ್ಧ ಸುತ್ತು ಹಿಂದಕ್ಕೆ ಬಿಗಿದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸ್ವಲ್ಪ ಕಾದು, ಹಿಂದೆ ಮುಂದೆ ಮಾಡುತ್ತಾ ಹೊರತನ್ನಿ. ಸ್ಪ್ರೇ ಹೊಡೆದದ್ದಾದರೆ ಮತ್ತೆ ಹಾಕುವ ಮುನ್ನ ತ್ರೆಡ್ಡು ಒರೆಸಿ ಒಣಗಿಸಿ. ಅಷ್ಟಾಗಿಯೂ ಸ್ಟಡ್ ಹೋದರೆ ‘ಇನ್ನೂ ಮೂರಿದೆಯಲ್ಲ’ ಎಂಬ ಸಮಾಧಾನ ಬೇಡ: ನಾಲ್ಕರಲ್ಲಿ ಒಂದು ಹೋದರೆ ಒತ್ತಿ ಹಿಡಿಯುವ ಬಲದಲ್ಲಿ ಕಾಲು ಭಾಗ ಹೋಯಿತು, ಉಳಿದ ಮೂರೂ ಅದೇ ಕೈ, ಅದೇ ಗನ್ನು ಕಂಡವು. ಆ ಚಕ್ರದ ಸ್ಟಡ್ಡುಗಳನ್ನೆಲ್ಲ ಒಟ್ಟಿಗೇ ಬದಲಿಸುವುದು ಸರಿ. ಹಬ್ಬು ಹಾಳಾದರೆ ಆಗುವ ಖರ್ಚಿನ ಮುಂದೆ ಸ್ಟಡ್ಡಿನ ಬೆಲೆ ಏನೂ ಅಲ್ಲ.

ಮುಂದಿನ ಸಲ ಟೈರ್ ಅಂಗಡಿಗೆ ಹೋದಾಗ ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ಹಾಕಲು, ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ತೆಗೆಯಲು ಹೇಳಿ. ಎಷ್ಟಕ್ಕೆ ಸೆಟ್ ಮಾಡಬೇಕೆಂದು ಹುಡುಗ ಕೇಳಿದರೆ, ಅಂಕಿ ನಿಮ್ಮ ಕಾರಿನ ಕೈಪಿಡಿಯಲ್ಲಿದೆ.