ಬೀಗದ ಕೈ ಕೋಡಿನಲ್ಲಿ ಇರಬಾರದು

ಠಾಣೆಯ ವಾಗ್ಳೆ ಎಸ್ಟೇಟ್, ನವಿ ಮುಂಬಯಿಯ ಐರೋಲಿ, ಮಹಾಪೆಗಳ ಸಾಫ್ಟ್‌ವೇರ್ ಕಚೇರಿಗಳಿಗೆ ಡೊಂಬಿವಲಿ, ಕಲ್ಯಾಣಗಳಿಂದ ದಿನವೂ ಹೋಗಿಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಅಲ್ಲಿ ಕಟ್ಟುವ ಜಾಲತಾಣಗಳ ಹಿಂದೆ ಒಂದಿಷ್ಟು ಗುಟ್ಟುಗಳಿರುತ್ತವೆ: ಡೇಟಾಬೇಸ್‌ನ ಪಾಸ್‌ವರ್ಡ್, ಹಣ ಪಾವತಿಯ ಕೀ, ಎಸ್‌ಎಂಎಸ್ ಸೇವೆಯ ಕೀ. ಇವನ್ನು ಕೋಡಿನಲ್ಲೇ ಬರೆದಿಟ್ಟರೆ ಕೋಡು ಹೋದಲ್ಲೆಲ್ಲ ಗುಟ್ಟೂ ಹೋಗುತ್ತದೆ. ಮನೆಯ ನಕ್ಷೆಯನ್ನು ಹತ್ತು ಮೇಸ್ತ್ರಿಗಳಿಗೆ ಕೊಡಬಹುದು, ಬೀಗದ ಕೈಯನ್ನಲ್ಲ. ಎರಡನ್ನೂ ಬೇರೆಬೇರೆ ಇಡುವ ಉಪಾಯವೇ ಎನ್ವಿರಾನ್ಮೆಂಟ್ ವೇರಿಯಬಲ್. 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಏಳನೆಯ ಆವೃತ್ತಿಯಲ್ಲೇ ಇದು ಬಂದಿತ್ತು. ಪ್ರೋಗ್ರಾಂ ಶುರುವಾಗುವಾಗ ಆಪರೇಟಿಂಗ್ ಸಿಸ್ಟಂ ಹೆಸರು ಮತ್ತು ಮೌಲ್ಯಗಳ ಪಟ್ಟಿಯೊಂದನ್ನು ಅದರ ಕೈಗಿಡುತ್ತದೆ. ಜಾಲತಾಣ ಕಟ್ಟುವ ಲಾರಾವೆಲ್ ಚೌಕಟ್ಟಿನಲ್ಲಿ ಈ ಮೌಲ್ಯಗಳನ್ನು ‘ಡಾಟ್ ಇಎನ್‌ವಿ’ ಕಡತದಲ್ಲಿ ಇಡುವುದು ರೂಢಿ; ಅಂಥದ್ದೇ ಇನ್ನೊಂದು ಚೌಕಟ್ಟಾದ ಜಾಂಗೋದಲ್ಲಿ ಸೆಟ್ಟಿಂಗ್ಸ್ ಕಡತವೇ ಅವನ್ನು ಸಿಸ್ಟಂನಿಂದ ಓದಿಕೊಳ್ಳುವಂತೆ ಬರೆಯಬಹುದು. 2011ರಲ್ಲಿ ಹೆರೋಕು ಸಂಸ್ಥೆಯ ಆಡಮ್ ವಿಗಿನ್ಸ್ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಮಾರ್ಗಸೂಚಿಯಲ್ಲಿ ಒಂದು ಒರೆಗಲ್ಲು ಕೊಟ್ಟರು: ಈ ಕ್ಷಣವೇ ಕೋಡನ್ನು ಜಗತ್ತಿಗೆ ತೆರೆದಿಟ್ಟರೂ ಯಾವ ಗುಟ್ಟೂ ರಟ್ಟಾಗಬಾರದು.

ಈ ಒರೆಗಲ್ಲಿಗೆ ನಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕಾರು ಕಂಪನಿ ಟೊಯೊಟಾ ಸಾಕ್ಷಿ. ಕಾರುಗಳನ್ನು ಅಂತರ್ಜಾಲಕ್ಕೆ ಜೋಡಿಸುವ ಅದರ ಟಿ-ಕನೆಕ್ಟ್ ಸೇವೆಯ ಕೋಡಿನ ಒಂದು ಭಾಗವನ್ನು ಗುತ್ತಿಗೆ ಸಂಸ್ಥೆಯೊಂದು 2017ರ ಡಿಸೆಂಬರಿನಲ್ಲಿ ಕೋಡು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಇಟ್ಟಿತು. ಸರ್ವರಿನ ಕೀ ಅದರೊಳಗೇ ಇತ್ತು. ಗೊತ್ತಾದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ 2,96,019 ಗ್ರಾಹಕರ ಇಮೇಲ್ ವಿಳಾಸಗಳು ಅಪಾಯಕ್ಕೆ ಸಿಕ್ಕಿದ್ದವು. ನಮ್ಮದು ಸಣ್ಣ ತಾಣ, ಯಾರು ಬರುತ್ತಾರೆ ಎನ್ನುವವರುಂಟು. ಕೀಗಳಿಗಾಗಿ ಜಾಲಾಡುವ ತಂತ್ರಾಂಶಗಳು ತಾಣದ ಗಾತ್ರ ನೋಡುವುದಿಲ್ಲ. ಕಾನೂನೂ ಹಗುರವಾಗಿಲ್ಲ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಡಾಟ್ ಇಎನ್‌ವಿ ಕೂಡ ಯಾರಾದರೂ ಓದಬಹುದಾದ ಸಾದಾ ಕಡತವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜ, ಅದನ್ನು ತಾಣದ ಸಾರ್ವಜನಿಕ ಫೋಲ್ಡರಿನಲ್ಲಿ ಬಿಟ್ಟರೆ ಬ್ರೌಸರಿನಲ್ಲೇ ಇಳಿಸಿಕೊಳ್ಳಬಹುದು. ದೋಷ ಹುಡುಕುವ ಡೀಬಗ್ ಸ್ಥಿತಿಯಲ್ಲೇ ತಾಣವನ್ನು ಬಿಟ್ಟರೆ ದೋಷ ತೋರಿಸುವ ಪುಟವೇ ಗುಟ್ಟು ಹೇಳಿಬಿಡಬಹುದು. ಆದ್ದರಿಂದ ಆ ಇಎನ್‌ವಿ ಕಡತ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಸೇರಬಾರದು, ಸಾರ್ವಜನಿಕ ಫೋಲ್ಡರಿನ ಹೊರಗಿರಬೇಕು, ಡೀಬಗ್ ಆಫ್ ಆಗಿರಬೇಕು. ದೊಡ್ಡ ಸಂಸ್ಥೆಗಳು ಗುಟ್ಟುಗಳನ್ನು ಕಾಯುವ ಸೀಕ್ರೆಟ್ ಮ್ಯಾನೇಜರ್ ಬಳಸಬೇಕು. ಆದರೂ ಬೇರ್ಪಡಿಸುವುದರ ಲಾಭ ಉಳಿಯುತ್ತದೆ: ಕೀ ಸೋರಿದರೆ ಕೋಡು ಮುಟ್ಟದೆ ಬದಲಿಸಬಹುದು. ಕೋಡಿನಲ್ಲಿದ್ದ ಕೀಯನ್ನು ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಸದಸ್ಯರ ಫೋನ್ ನಂಬರು, ದೇಣಿಗೆಯ ವಿವರ ಇಟ್ಟುಕೊಳ್ಳುವ ಸಂಘಗಳು, ಶಾಲೆಗಳು, ಅಂಗಡಿಗಳು ತಾಣ ಕಟ್ಟಿಸುವಾಗ ಬಣ್ಣ, ಚಿತ್ರಗಳ ಬಗ್ಗೆ ವಿಚಾರಿಸುವ ಮೊದಲು ಕೀಗಳನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಲಿ. ಸ್ಪಷ್ಟ ಉತ್ತರ ಬರುವ ತನಕ ತಾಣವನ್ನು ಜನರಿಗೆ ತೆರೆಯಬೇಡಿ.